ಅಲಂಕಾರ ಗುರುತಿಸಲು ಪದ ಹುಡುಕಿದರೆ ಸಾಲದು

ಮಾನ್ಯ ಸಂಪಾದಕರೇ,

ಇಂಗ್ಲಿಷ್ ತರಗತಿಯಲ್ಲಿ ವಾಕ್ಯಪ್ರಕಾರಗಳನ್ನೂ ಅಲಂಕಾರಗಳನ್ನೂ ಕಲಿಸುವ ರೀತಿಯ ಬಗ್ಗೆ, ಅವನ್ನು ಬಹುಕಾಲ ಬೋಧಿಸಿದ ಅನುಭವದಿಂದ ಈ ಪತ್ರ ಬರೆಯುತ್ತಿದ್ದೇನೆ. ‘ಲೈಕ್’ ಅಥವಾ ‘ಆ್ಯಸ್’ ಕಂಡರೆ ಸಿಮಿಲಿ (ಉಪಮೆ), ಕಾಣದಿದ್ದರೆ ಮೆಟಫರ್ (ರೂಪಕ) ಎಂಬ ಸುಲಭಸೂತ್ರವನ್ನು ಮಕ್ಕಳು ಉರು ಹೊಡೆದಿರುತ್ತಾರೆ. ಹೀಗಾಗಿ ‘ಶೀ ವರ್ಕ್ಸ್ ಆ್ಯಸ್ ಎ ನರ್ಸ್’ ಎಂಬ ನೇರ ಹೇಳಿಕೆಯೂ ಉತ್ತರಪತ್ರಿಕೆಯಲ್ಲಿ ಸಿಮಿಲಿ ಆಗಿಬಿಡುತ್ತದೆ. ಆಕೆ ನಿಜವಾಗಿಯೂ ನರ್ಸ್. ಅಲ್ಲಿ ಹೋಲಿಸಲು ಎರಡು ವಸ್ತುಗಳೇ ಇಲ್ಲ.

ಇದಕ್ಕೆ ಪರಿಹಾರ ಕನ್ನಡ ತರಗತಿಯಲ್ಲಿಯೇ ಇದೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ಬಿಡಿಸಿ ಬರೆದು ಸಮನ್ವಯ ಮಾಡುವುದನ್ನು ಮಕ್ಕಳು ಅಲ್ಲಿ ಆಗಲೇ ಕಲಿತಿರುತ್ತಾರೆ. ‘ಹೀ ಫಾಟ್ ಲೈಕ್ ಎ ಲಯನ್’ ಎಂಬಲ್ಲಿ ಅವನು ಉಪಮೇಯ, ಸಿಂಹ ಉಪಮಾನ, ‘ಲೈಕ್’ ಉಪಮಾವಾಚಕ, ಹೋರಾಟದ ಕೆಚ್ಚು ಸಮಾನಧರ್ಮ. ‘ಹೀ ವಾಸ್ ಎ ಲಯನ್ ಇನ್ ದ ಫೈಟ್’ ಎಂದೊಡನೆ ಉಪಮಾವಾಚಕ ಬಿಟ್ಟುಹೋಗಿ ಅವನೇ ಸಿಂಹವಾಗುತ್ತಾನೆ, ಅದು ರೂಪಕ. 9ನೆಯ ಶತಮಾನದ ‘ಕವಿರಾಜಮಾರ್ಗ’ದಿಂದಲೂ ಅಲಂಕಾರಗಳನ್ನು ವಿವೇಚಿಸುತ್ತ ಬಂದ ನುಡಿಯ ಮಕ್ಕಳು ಇಂಗ್ಲಿಷ್ ಪುಸ್ತಕ ತೆರೆದಾಗ ಆ ತಿಳಿವಳಿಕೆಯನ್ನು ಬದಿಗಿಡಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆ ಬೇಕು: ಇದ್ದುದನ್ನು ಹಿಗ್ಗಿಸಿ ಹೇಳುವ ‘ಹೈಪರ್‌ಬೊಲಿ’ಯನ್ನು ಉತ್ಪ್ರೇಕ್ಷಾಲಂಕಾರ ಎಂದು ತಿಳಿಯುವುದು ತಪ್ಪು. ಉತ್ಪ್ರೇಕ್ಷೆಯಲ್ಲಿ ಒಂದನ್ನು ಮತ್ತೊಂದೆಂದು ಸಂಭಾವಿಸುತ್ತೇವೆ. ಹೈಪರ್‌ಬೊಲಿಗೆ ಹತ್ತಿರವಾದದ್ದು ಅತಿಶಯೋಕ್ತಿ.

ವಾಕ್ಯಗಳ ವಿಷಯದಲ್ಲೂ ಇದೇ ಮಾತು. ‘ಆಲ್ದೋ ಇಟ್ ರೇನ್ಡ್, ಬಟ್ ವಿ ಪ್ಲೇಡ್’ ಎಂದು ಬರೆದ ವಿದ್ಯಾರ್ಥಿಗೆ ನಿಯಮ ಹೇಳುವ ಬದಲು, ‘ಮಳೆ ಬಂದರೂ ಆಡಿದೆವು’ ಮತ್ತು ‘ಮಳೆ ಬಂತು, ಆದರೆ ಆಡಿದೆವು’ ಎಂಬೆರಡನ್ನು ಅಕ್ಕಪಕ್ಕ ಬರೆದು ತೋರಿಸಿದ್ದೇನೆ. ಮೊದಲನೆಯದು ಒಂದು ಮಾತು ಇನ್ನೊಂದಕ್ಕೆ ಅಧೀನವಾಗಿರುವ ಮಿಶ್ರವಾಕ್ಯ, ಎರಡನೆಯದು ಎರಡು ಸ್ವತಂತ್ರ ಮಾತುಗಳನ್ನು ಜೋಡಿಸಿದ ಸಂಯೋಜಿತ ವಾಕ್ಯ. ‘ಮಳೆ ಬಂದರೂ, ಆದರೆ ಆಡಿದೆವು’ ಎಂದು ಯಾವ ಮಗುವೂ ಹೇಳುವುದಿಲ್ಲವಾದ್ದರಿಂದ, ‘ಆಲ್ದೋ’ ಇದ್ದಲ್ಲಿ ‘ಬಟ್’ ಏಕೆ ಬೇಡವೆಂಬುದು ಅದಕ್ಕೆ ತಾನಾಗಿಯೇ ಹೊಳೆಯುತ್ತದೆ. ರೂಪ ಮತ್ತು ಉದ್ದೇಶ ಬೇರೆಯಾಗಬಹುದೆಂಬುದನ್ನೂ ಹೇಳಿಕೊಡಬೇಕು: ‘ಕ್ಯಾನ್ ಯು ಓಪನ್ ದ ಡೋರ್?’ ರೂಪದಲ್ಲಿ ಪ್ರಶ್ನೆ, ಆಶಯದಲ್ಲಿ ಕೋರಿಕೆ. ‘ಆಗುತ್ತದೆ’ ಎಂದು ಉತ್ತರಿಸಿ ಕುಳಿತಲ್ಲೇ ಕೂತವನು ಆ ಮಾತನ್ನು ಅರ್ಥಮಾಡಿಕೊಂಡಿಲ್ಲ.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿ ನನ್ನ ವಿನಂತಿ ಇಷ್ಟು: ಅಲಂಕಾರದ ಹೆಸರನ್ನಷ್ಟೇ ಕೇಳದೆ, ಅದು ಆ ಅಲಂಕಾರ ಹೇಗಾಯಿತು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯುವಂತೆ ಕೇಳಿ, ಅಂಕವನ್ನು ಆ ವಾಕ್ಯಕ್ಕೆ ಕೊಡಿ.

ಇಂತಿ,
ಒಬ್ಬ ನಿವೃತ್ತ ಇಂಗ್ಲಿಷ್ ಶಿಕ್ಷಕಿ