ಊರು ನೋಡುವ ಮೊದಲೇ ಅತ್ತುಬಿಡಬೇಡ

ಪ್ರಿಯ ತಮ್ಮಾ,

ನಿನ್ನ ಬೆಂಗಳೂರು ಪ್ರವಾಸದ ಬರಹವೂ ಜೊತೆಗಿದ್ದ ಕಾಗದವೂ ತಲುಪಿದವು. ನೀನು ನನ್ನ ಮಗನಿಗಿಂತ ಚಿಕ್ಕವನು, ಅದಕ್ಕೆ ಏಕವಚನದಲ್ಲೇ ಬರೆಯುತ್ತಿದ್ದೇನೆ. 'ನಿಮಗೆ ಹಿಡಿಸದಿದ್ದರೆ ಬರೆಯುವುದನ್ನೇ ಬಿಟ್ಟುಬಿಡುತ್ತೇನೆ' ಅಂದಿದ್ದೀಯ. ಅಂಥ ತೀರ್ಮಾನವನ್ನು ಇನ್ನೊಬ್ಬರ ಕೈಗೆ ಕೊಡಬಾರದಪ್ಪಾ, ನನ್ನ ಕೈಗಂತೂ ಬೇಡ. ಶೀರ್ಷಿಕೆ ಸರಿಯೇ, ಯಾವ ಪತ್ರಿಕೆಗೆ ಕಳಿಸಲಿ, ಕಾಗುಣಿತ ತಪ್ಪಿದೆಯೇ ಅಂತೆಲ್ಲ ಕೇಳಿದ್ದೀಯ. ಅದನ್ನು ನೋಡಿಕೊಡುವವರು ನಿನ್ನ ಕೊಪ್ಪಳದಲ್ಲೇ ಸಿಗುತ್ತಾರೆ. ನಾನು ಹೇಳಬೇಕಾದದ್ದು ಒಂದೇ.

ನೀನು ಬೆಂಗಳೂರಿಗೆ ಬರುವ ಮುಂಚೆಯೇ ಅದಕ್ಕಾಗಿ ಅತ್ತು ಮುಗಿಸಿದ್ದೆ. ರಾತ್ರಿ ಬಸ್ಸು ಹತ್ತುವಾಗಲೇ ನಿನ್ನ ಕೊನೆಯ ಪುಟ ಸಿದ್ಧವಾಗಿತ್ತು. ಮೊದಲ ಹತ್ತು ಪುಟದಲ್ಲಿ ಏನಿದೆ ನೋಡು: ಚರ್ಚ್ ಸ್ಟ್ರೀಟಿನ ಪಬ್ಬು, ಇಂದಿರಾನಗರದ ಕಾಫಿಯ ಬೆಲೆ, ಹರಿದ ಜೀನ್ಸು, ಇಂಗ್ಲಿಷ್ ಬೋರ್ಡು, ಆಮೇಲೆ 'ನಮ್ಮ ಸಂಸ್ಕೃತಿ ಎಲ್ಲಿ ಹೋಯಿತು' ಎಂಬ ಪ್ರಶ್ನೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಯಾವುದನ್ನೂ ನಿಂತು ನೋಡಿದ ಗುರುತಿಲ್ಲ. ಆ ಪಬ್ಬಿನ ಬಾಗಿಲಲ್ಲಿ ನಿಂತಿದ್ದವನು ಯಾವ ಊರಿನವನು? ಆ ಕಾಫಿ ತಂದಿಟ್ಟ ಹುಡುಗನ ಕೈ ಹೇಗಿತ್ತು? ನಿನಗೇ ಗೊತ್ತಿಲ್ಲ, ಹಾಗಾಗಿ ನನಗೂ ಗೊತ್ತಾಗಲಿಲ್ಲ.

ಮೊನ್ನೆಮೊನ್ನೆಯವರೆಗೂ ಅಪ್ಪಟ ನಮ್ಮದಾಗಿದ್ದ ಊರು ಐ.ಟಿ. ಬಂದು ಕೆಟ್ಟಿತು ಎನ್ನುತ್ತೀಯ. ಅಲ್ಲಪ್ಪಾ, ಹಲಸೂರಿನ ಬಳಿ ಬ್ರಿಟಿಷರ ದಂಡು ಬಂದು ಕೂತದ್ದು 1809ರಲ್ಲಿ. ಪೇಟೆ ಒಂದು ಊರು, ದಂಡು ಇನ್ನೊಂದು ಊರು ಎಂಬಂತೆಯೇ ಬಹುಕಾಲ ನಡೆಯಿತು. ಎರಡಕ್ಕೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ನೀನು ಗಾಜಿನ ಕಟ್ಟಡ ಕಂಡು ಬೆಚ್ಚಿದ ವೈಟ್‌ಫೀಲ್ಡ್ ಇದೆಯಲ್ಲ, ಅದು 1882ರಲ್ಲಿ ಆಂಗ್ಲೋ ಇಂಡಿಯನ್ನರು ನೆಲೆಸಲೆಂದು ಮೈಸೂರು ಅರಸರು ಭೂಮಿ ಕೊಟ್ಟು ಹುಟ್ಟಿದ ಊರು. ಅತ್ತ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗ ಇವತ್ತಿಗೂ ಮಸ್ತಾನ್ ಸಾಬರ ದರ್ಗಾಕ್ಕೆ ಹೋಗಿಬರುತ್ತದೆ. ಬದಲಾದದ್ದು ವೇಗ. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನ ಸುಮಾರು 65 ಲಕ್ಷ, 2011ಕ್ಕೆ 96 ಲಕ್ಷ. ಹೊಸದಾಗಿ ಸೇರಿದವರಲ್ಲಿ ನಿಮ್ಮ ಕಡೆಯವರು ಎಷ್ಟು ಮಂದಿ ಅಂತ ಒಮ್ಮೆ ಯೋಚಿಸು. ನೀನು ಪರದೇಶ ಅಂತ ಕರೆದ ಊರನ್ನು ಕಟ್ಟುತ್ತಿರುವವರು ಅವರೇ.

ಈಗ ಹನ್ನೊಂದನೇ ಪುಟಕ್ಕೆ ಬರುತ್ತೇನೆ. ಮಾಲಿನ ಮೂರನೇ ಮಹಡಿ, ಶೌಚಾಲಯದ ಪಕ್ಕದ ಸಣ್ಣ ಓಣಿ. ಹೌಸ್‌ಕೀಪಿಂಗಿನ ಹೆಂಗಸೊಬ್ಬಳು ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದಾಳೆ. ಫೋನಿನ ಆ ಕಡೆಯಿಂದ ಮಗಳು ಇಂಗ್ಲಿಷ್ ಪದ್ಯ ಒಪ್ಪಿಸುತ್ತಿದ್ದಾಳೆ. ತಾಯಿಗೆ ಅದರ ಒಂದಕ್ಷರವೂ ತಿಳಿಯದು. ಆದರೂ 'ಇನ್ನೊಮ್ಮೆ ಹೇಳವ್ವಾ' ಅನ್ನುತ್ತಾಳೆ. ಮಗಳು ಇನ್ನೊಮ್ಮೆ ಹೇಳುತ್ತಾಳೆ.

ತಮ್ಮಾ, ಇದನ್ನು ಓದಿ ನಾನು ಕಾಗದ ಕೆಳಗಿಟ್ಟು ಎದ್ದು ಓಡಾಡಿದೆ. ಇಷ್ಟು ಒಳ್ಳೆಯದನ್ನು ಕಂಡ ಕಣ್ಣು ನಿನಗಿದೆ! ಆದರೆ ನೀನೇನು ಮಾಡಿದೆ? ಎರಡೇ ಸಾಲಿನಲ್ಲಿ ಅವಳನ್ನು ಮುಗಿಸಿ, 'ಹೀಗೆ ಮಾತೃಭಾಷೆ ಸಾಯುತ್ತಿದೆ' ಅಂತ ಬರೆದು ಎಸ್ಕಲೇಟರ್ ಇಳಿದುಬಿಟ್ಟೆ. ಅಲ್ಲೇ ನಿಲ್ಲಬೇಕಿತ್ತು. ಆ ಇಂಗ್ಲಿಷು ಯಾರ ಮೇಲೂ ಯಾರೋ ಹೇರಿದ್ದಲ್ಲ, ಆಕೆ ತಿಂಗಳ ಸಂಬಳದಿಂದ ಫೀಜು ಕಟ್ಟಿ ಮಗಳಿಗೆ ಕೊಡಿಸುತ್ತಿರುವುದು ಇರಬಹುದು. ಹಾಗಿದ್ದರೆ ನಿನ್ನ ದುಃಖವನ್ನು ಅವಳ ಮುಂದೆ ಹೇಗೆ ಹೇಳುತ್ತೀಯ? ಭಾಷೆಯ ಬಗ್ಗೆ ನನಗೂ ನಿನ್ನಷ್ಟೇ ಸಂಕಟವಿದೆ. ಆದರೆ ಆ ಸಂಕಟ ಅವಳ ಮುಖ ನೋಡಿದ ಮೇಲೂ ಉಳಿದರೆ ಮಾತ್ರ ಅದನ್ನು ಬರೆಯುವ ಹಕ್ಕು ನಮಗೆ ಬರುತ್ತದೆ.

ಅವಳು ಎಷ್ಟು ಗಂಟೆಗೆ ಮನೆ ಬಿಡುತ್ತಾಳೆ, ಮಧ್ಯಾಹ್ನ ಬುತ್ತಿ ಬಿಚ್ಚುವುದೆಲ್ಲಿ, ಕೆಳಗಿನ ಫುಡ್ ಕೋರ್ಟಿನ ಒಂದು ಊಟ ಅವಳ ಎಷ್ಟು ತಾಸಿನ ದುಡಿಮೆ, ಕೇಳಬೇಕಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಸಾಮಾನ್ಯ ಬಸ್ಸು ಅವಳಿಗೆ ಉಚಿತ. ಎ.ಸಿ. ವಜ್ರ ಬಸ್ಸಿಗೂ ಮೆಟ್ರೊಗೂ ಕಾಸು ಕೊಡಬೇಕು. ಅವಳು ಒರೆಸಿದ ನೆಲದ ಮೇಲೆ ನಡೆಯುವವರೂ ಅವಳೂ ಒಂದೇ ರಸ್ತೆಯಲ್ಲಿ ಬೇರೆಬೇರೆ ಗಾಡಿಯಲ್ಲಿ ಹೋಗುತ್ತಾರೆ. ನೀನು ಹುಡುಕುತ್ತಿದ್ದ ಪಾಶ್ಚಾತ್ಯ ಬದುಕು ಎಲ್ಲಿಗೆ ಬಂದಿದೆ, ಯಾರ ಹತ್ತಿರ ಬಂದು ನಿಂತಿದೆ ಅನ್ನುವುದು ಇಂಥಲ್ಲಿ ಕಾಣುತ್ತದೆ.

ಪಂಚೆಯ ಪ್ರಸಂಗವನ್ನೂ ಬರೆದಿದ್ದೀಯ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದಕ್ಕೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯ ರೈತರನ್ನು ಪಂಚೆ ಉಟ್ಟಿದ್ದಕ್ಕೆ ಒಳಗೆ ಬಿಡಲಿಲ್ಲ, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ನನಗೂ ಆಗ ಮೈ ಉರಿದಿತ್ತು. ಆದರೆ ಅದು ಪತ್ರಿಕೆಯಲ್ಲಿ ಎಲ್ಲರೂ ಓದಿದ್ದು. ನೀನು ಸ್ವತಃ ಅದೇ ಬಗೆಯ ಬಾಗಿಲು ದಾಟಿ ಒಳಗೆ ಹೋದೆಯಲ್ಲ, ಆಗ ನಿನ್ನ ಬಟ್ಟೆಯ ಮೇಲೆ ಯಾರ ಕಣ್ಣು ಬಿತ್ತು, ನೀನು ಚಪ್ಪಲಿ ನೋಡಿಕೊಂಡೆಯಾ? ಅದು ನಿನ್ನ ಬರಹದಲ್ಲಿ ಇಲ್ಲವೇ ಇಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಅಂತಲೂ ಹೇಳಿಬಿಡುತ್ತೇನೆ. ನಿನ್ನ ವಯಸ್ಸು ದಾಟಿದ ಹೊಸತರಲ್ಲಿ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಬಗ್ಗೆ ಒಂದು ಲೇಖನ ಬರೆದಿದ್ದೆ. ಮುಂಜಾನೆಯ ಬಸ್ಸಿನಲ್ಲಿ ಅವರು ನಿಂತುಕೊಂಡೇ ಜಡೆ ಹೆಣೆದುಕೊಳ್ಳುವುದು, ಒಬ್ಬಳು ಹೂ ತಂದರೆ ಹಿಂದಿನ ಸೀಟಿನವರೆಗೂ ಹಂಚಿಕೆಯಾಗುವುದು, ಎಲ್ಲ ಅದರಲ್ಲಿತ್ತು. ಸಂಪಾದಕರು ಅದನ್ನೆಲ್ಲ ಕತ್ತರಿಸಿ, ಕೊನೆಯಲ್ಲಿ ಪಾಶ್ಚಾತ್ಯರ ಅಂಧಾನುಕರಣೆಯ ಬಗ್ಗೆ ತಮ್ಮದೇ ಒಂದು ಸಾಲು ಸೇರಿಸಿ ಅಚ್ಚು ಹಾಕಿದರು. ಓದುಗರು ಮೆಚ್ಚಿ ಬರೆದದ್ದು ಆ ಸಾಲನ್ನೇ. ಸಭೆಯೊಂದರಲ್ಲಿ ನನಗೆ ಶಾಲು ಹೊದಿಸಿದವರೂ ಅದನ್ನೇ ಓದಿದರು. ಆ ನೋವು ಇನ್ನೂ ಹಸಿಯಾಗಿದೆ. ನಾನು ಕಂಡದ್ದು ಯಾರಿಗೂ ಬೇಕಿರಲಿಲ್ಲ, ನಾನು ಹೇಳದ್ದಕ್ಕೆ ಚಪ್ಪಾಳೆ ಬಿತ್ತು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣವನ್ನು ಬೇಕಾದಾಗ ಪೂರ್ತಿ ತೆಗೆಯಲು ಬಿಡದ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದಾಗ, ಕೇಂದ್ರ ಸರ್ಕಾರವೇ ನಿಯಮ ವಾಪಸು ಪಡೆಯಿತು. ಇಷ್ಟೊಂದು ಜನ ಎಲ್ಲಿದ್ದರು ಅಂತ ಅವತ್ತು ನನ್ನ ಓರಗೆಯ ಲೇಖಕರೇ ಕೇಳಿದರು. ದಿನಾ ಬೆಳಿಗ್ಗೆ ಅವರೆದುರಿನ ಬಸ್ಸಿನಲ್ಲೇ ಇದ್ದರು!

ನಿನ್ನ ಬರಹವನ್ನೂ ಹೊಗಳುವವರು ಸಿಗುತ್ತಾರೆ. ಕೊನೆಯ ಪುಟವನ್ನೇ ಹೊಗಳುತ್ತಾರೆ, ನೋಡುತ್ತಿರು. ಅಂಥವರಿಗೆ ನಮಸ್ಕಾರ ಹೇಳಿ ಹನ್ನೊಂದನೇ ಪುಟ ತೆಗೆದುಕೊಂಡು ಕೂತುಕೋ.

ಇನ್ನೊಮ್ಮೆ ಬಾ. ಕೂಲಿ ಕೆಲಸದವರ ಹೊತ್ತಿಗೆ, ಸಾಮಾನ್ಯ ಬಸ್ಸಿನಲ್ಲಿ ವೈಟ್‌ಫೀಲ್ಡ್ ಕಡೆ ಹೋಗು. ಮಾಲಿನ ಆ ತಾಯಿ ಸಿಕ್ಕರೆ ಯಾವೂರು ಅಂತ ಮೊದಲು ನಿನ್ನದು ಹೇಳು, ಆಮೇಲೆ ಅವಳದ್ದು ಕೇಳು. ಫೋಟೊ ತೆಗೆಯಬೇಡ. ಹೇಳಲು ಮನಸ್ಸಿಲ್ಲದಿದ್ದರೆ ಬಲವಂತ ಮಾಡದೆ ಬಂದುಬಿಡು. ಲಾಡ್ಜಿಗೆ ದುಡ್ಡು ಸುರಿಯಬೇಡ, ಹನುಮಂತನಗರದಲ್ಲಿ ನಮ್ಮ ಮನೆಯಿದೆ, ಮಹಡಿಯ ರೂಮು ಖಾಲಿಯೇ ಇದೆ. ಹೊರಡುವ ಹಿಂದಿನ ದಿನ ಒಂದು ಫೋನು ಮಾಡು, ನಿಮ್ಮತ್ತೆಗೆ ಹೇಳಿಟ್ಟಿರುತ್ತೇನೆ.

ಆಶೀರ್ವಾದಗಳು.