ಒಂದು ಮಾತು ಕೇಳಬಹುದಿತ್ತು

ಸಂಪಾದಕರೇ,

ಸ್ಥಳಕ್ಕೆ ಹೋಗದೆ, ಬೇರೆಯವರ ವರದಿ ಓದಿ ಬರೆಯುವುದು ಪತ್ರಿಕೋದ್ಯಮವೇ ಅಲ್ಲ ಎಂದು ಕಳೆದ ವಾರ ಓದುಗರೊಬ್ಬರು ಬರೆದಿದ್ದರು. ನಾನು ಹೊಸನಗರ ಕಡೆ 22 ವರ್ಷ ಅರೆಕಾಲಿಕ ವರದಿಗಾರನಾಗಿದ್ದವನು. ಸುದ್ದಿಯ ಕವರನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಶಿವಮೊಗ್ಗಕ್ಕೆ ಕಳಿಸುತ್ತಿದ್ದ ಕಾಲದಿಂದ ಬರೆದವನು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಾತು ಮಾತ್ರ ಒಪ್ಪಲಾರೆ.

ಒಂದು ಮಳೆಗಾಲ ಪಕ್ಕದ ಊರಿನವರು ಹಳ್ಳ ದಾಟುವ ಕಾಲುಸಂಕ ಕೊಚ್ಚಿಹೋಯಿತು. ಊರಿನವರು ಮೊದಲೇ ದೂರು ಕೊಟ್ಟಿರಲಿಲ್ಲ ಎಂದು ಒಂದು ಪತ್ರಿಕೆಯಲ್ಲಿ ಬಂತು. ಅದನ್ನೇ ನಂಬಿ ಅಂಕಣಕಾರರೊಬ್ಬರು ಹಳ್ಳಿಯವರ ಉದಾಸೀನದ ಬಗ್ಗೆ ಅರ್ಧ ಪುಟ ಬರೆದರು. ಮರುದಿನ ಆ ಊರಿನ ಅಜ್ಜಿಯೊಬ್ಬರು ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಮೂರು ವರ್ಷದ ಮೂರು ಅರ್ಜಿಗಳು, ಮೂರಕ್ಕೂ ಪಂಚಾಯಿತಿಯ ನೇರಳೆ ಸೀಲು. "ಒಂದ್ ಮಾತ್ ಕೇಳಕ್ಕೆ ಆಗ್ಲಿಲ್ವ ಮಾರಾಯ್ರೆ ನಿಮಗೆ?" ಎಂದರು. ಬರೆದದ್ದು ನಾನಲ್ಲ. ಆದರೂ ಅವರ ಮುಖ ನೋಡಲಾಗಲಿಲ್ಲ.

ಹಾಗಂತ ಕೂತಲ್ಲೇ ಓದಿ ಬರೆಯುವವರನ್ನೆಲ್ಲ ಸುಮ್ನೆ ಬೈಯುವುದು ತಪ್ಪು. ಅಮೆರಿಕದ ಪತ್ರಕರ್ತ ಐ.ಎಫ್. ಸ್ಟೋನ್ 1953ರಿಂದ 1971ರವರೆಗೆ ಸ್ವಂತ ಪತ್ರಿಕೆ ನಡೆಸಿದರು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸರ್ಕಾರಿ ದಾಖಲೆ, ಬೇರೆ ಪತ್ರಿಕೆಗಳ ಮೂಲೆ ಸುದ್ದಿ, ಇವನ್ನೇ ಜಾಸ್ತಿ ಓದುತ್ತಿದ್ದರು. 1957ರಲ್ಲಿ ನೆವಾಡಾದಲ್ಲಿ ನೆಲದಡಿ ಅಣುಬಾಂಬ್ ಪರೀಕ್ಷೆ ನಡೆಯಿತು. ಅದರ ಕಂಪನ 200 ಮೈಲಿ ಆಚೆ ಗೊತ್ತಾಗಿಲ್ಲ ಎಂದು ಅಲ್ಲಿನ ಅಣುಶಕ್ತಿ ಆಯೋಗ ಆಮೇಲೆ ಹೇಳಿತು. ದೂರದ ದೇಶಗಳಲ್ಲೂ ಕಂಪನ ದಾಖಲಾದ ಪುಟ್ಟ ಸುದ್ದಿಗಳನ್ನು ಸ್ಟೋನ್ ಓದಿದ್ದರು. ಭೂಕಂಪ ಅಳೆಯುವ ಸರ್ಕಾರಿ ಇಲಾಖೆಯವರನ್ನೇ ಕೇಳಿದರು. ಅಷ್ಟು ದೂರದ ಅಲಾಸ್ಕಾದಲ್ಲೂ ದಾಖಲಾಗಿತ್ತು! ಆಯೋಗ ತನ್ನ ಮಾತು ತಿದ್ದಿಕೊಳ್ಳಬೇಕಾಯಿತು. ನೆವಾಡಾಕ್ಕೆ ಹೋಗದೆಯೇ ಇಷ್ಟು ಮಾಡಿದರು. ಇದು ಪತ್ರಿಕೋದ್ಯಮ ಅಲ್ವಾ?

ನಮ್ಮ ಅಂಕಣಕಾರರು ಹಳ್ಳ ದಾಟಿ ಬರಲಿ ಎಂದು ನಾನು ಕೇಳುವುದಿಲ್ಲ. ಯಾರ ವರದಿ ನಂಬಿ ಬರೆದಿದ್ದೇವೆ ಎಂದು ಹೇಳಲಿ. ಊರಿನವರ ಮೇಲೆ ತಪ್ಪು ಹೊರಿಸುವ ಮೊದಲು ಪಂಚಾಯಿತಿಗೆ ಒಂದು ಫೋನ್ ಮಾಡಲಿ. ತಪ್ಪಾದರೆ ಅದೇ ಜಾಗದಲ್ಲಿ, ಅಷ್ಟೇ ದೊಡ್ಡದಾಗಿ ತಿದ್ದಲಿ. ಆ ಮೂರು ಅರ್ಜಿಗಳ ಜೆರಾಕ್ಸ್ ಮಾಡಿಸಿ ನಾನೇ ಆ ಪತ್ರಿಕೆಗೆ ಕಳಿಸಿದ್ದೆ. ತಿದ್ದುಪಡಿ ಇವತ್ತಿನವರೆಗೂ ಬಂದಿಲ್ಲ.

– ಮಾಜಿ ಅರೆಕಾಲಿಕ ವರದಿಗಾರ, ಹೊಸನಗರ