ಫಾಸ್ಟಿಂಗ್ ಶುಗರ್ ಯಾಕೆ ಇಳೀತಿಲ್ಲ ಅಂತ ಕೇಳಿದ್ಯಲ್ಲ

ಪುಟ್ಟಾ,

ನಿನ್ನ ಮೆಸೇಜ್ ನೋಡ್ದೆ. ರಾತ್ರಿ ಅರ್ಧ ಹೊಟ್ಟೇಲಿ ಮಲಗಿದ್ರೂ ಬೆಳಗ್ಗೆ ಶುಗರ್ ಜಾಸ್ತೀನೇ ತೋರ್ಸುತ್ತೆ, ಮೀಟರ್ರೇ ಕೆಟ್ಟಿದೆ ಅಂತ ಬರ್ದಿದೀಯ. ಮೀಟರ್ ಮೇಲೆ ಯಾಕೋ ಸಿಟ್ಟು, ಆ ಸಕ್ಕರೆ ಬಂದಿರೋದು ನಿನ್ನ ಲಿವರಿಂದಾನೇ. ನಾವು ಮಲಗಿದ್ರೂ ಮೆದುಳಿಗೆ ಗ್ಲೂಕೋಸ್ ಬೇಕಲ್ವಾ, ಅದನ್ನ ಲಿವರ್ ರಾತ್ರಿಯೆಲ್ಲಾ ರಕ್ತಕ್ಕೆ ಬಿಡ್ತಿರುತ್ತೆ, ಅದಕ್ಕೆ ಲಗಾಮು ಹಾಕೋದು ಇನ್ಸುಲಿನ್ನು, ಆದ್ರೆ ಲಿವರಲ್ಲಿ ಕೊಬ್ಬು ಸೇರ್ಕೊಂಡ್ರೆ ಅದು ಇನ್ಸುಲಿನ್ ಮಾತು ಸರಿಯಾಗಿ ಕೇಳಲ್ಲ, ಜೊತೆಗೆ ಬೆಳಗಿನ ಜಾವ ಶುಗರ್ ಏರಿಸೋ ಕಾರ್ಟಿಸಾಲ್ ಅನ್ನೋ ಹಾರ್ಮೋನು ಬೇರೆ ಏರುತ್ತೆ.

ನಿಂಗಿರೋ ಟೈಪ್ 2 ಸಕ್ಕರೆ ಕಾಯಿಲೆ ಶುರುವಾದಾಗ ಎಷ್ಟೋ ಜನರಿಗೆ ಇನ್ಸುಲಿನ್ ಕಮ್ಮಿ ಇರಲ್ಲ ಕಣೋ, ಮಾಮೂಲಿಗಿಂತ ಜಾಸ್ತೀನೇ ಇರುತ್ತೆ. ಕಿವಿ ಮಂದ ಆದವರ ಹತ್ರ ಕೂಗಿ ಕೂಗಿ ಮಾತಾಡಿದ ಹಾಗೆ ಇನ್ಸುಲಿನ್ ತಯಾರಿಸೋ ಪ್ಯಾಂಕ್ರಿಯಾಸ್ ಗ್ರಂಥಿ ಇನ್ನಷ್ಟು ಮತ್ತಷ್ಟು ಸುರೀತಾನೇ ಇರುತ್ತೆ, ಒಂದಿನ ಅದಕ್ಕೂ ಸುಸ್ತಾಗುತ್ತೆ. ನಿಂಗೆ ಗೊತ್ತಾಗಿದ್ದು ಈಗಷ್ಟೇ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಈಗ ಮಾಂಸಖಂಡದ ವಿಷ್ಯ, ಇದನ್ನ ಸ್ವಲ್ಪ ನಿಧಾನಕ್ಕೆ ಓದು. ಇನ್ಸುಲಿನ್ ಹೇಳಿದಾಗ ರಕ್ತದಲ್ಲಿರೋ ಗ್ಲೂಕೋಸನ್ನ ಅತೀ ಹೆಚ್ಚು ಎಳ್ಕೊಳ್ಳೋದು ಮಾಂಸಖಂಡ. ಜೀವಕೋಶದ ಒಳಗಿರೋ ಗ್ಲೂಟ್ 4 ಅನ್ನೋ ಪ್ರೋಟೀನು ಮೇಲಕ್ಕೆ ಬಂದು ಗ್ಲೂಕೋಸನ್ನ ಒಳಗೆ ಬಿಟ್ಕೊಳ್ಳುತ್ತೆ. ಮಜಾ ಏನಂದ್ರೆ ಖಂಡ ಕೆಲಸ ಮಾಡಿದ್ರೆ ಸಾಕು, ಇನ್ಸುಲಿನ್ ಕರೀದೇನೇ ಅದು ಮೇಲೆ ಬರುತ್ತೆ! ಹಾಗಾಗಿ ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷ ನಡಿ. ಒಂದ್ಸಲ ಚೆನ್ನಾಗಿ ವ್ಯಾಯಾಮ ಮಾಡಿದ್ರೆ ಅದರ ಪರಿಣಾಮ ಒಂದೆರಡು ದಿನ ಉಳಿಯುತ್ತೆ, ಆಮೇಲೆ ಇಳ್ದೋಗುತ್ತೆ, ಭಾನುವಾರ ಒಂದಿನ ಬೆವರು ಸುರಿಸಿ ವಾರವೆಲ್ಲಾ ಕುರ್ಚಿಗೆ ಅಂಟ್ಕೊಂಡ್ರೆ ಏನುಪಯೋಗ ಹೇಳು. ತೂಕ ಎತ್ತೋದೂ ಇರಲಿ, ಖಂಡ ಬೆಳೆದಷ್ಟೂ ಗ್ಲೂಕೋಸಿಗೆ ಜಾಗ.

ನಿದ್ದೆ ಕೆಟ್ರೂ ಇನ್ಸುಲಿನ್ ಕೆಲಸ ಕೆಡುತ್ತೆ, ಗೊತ್ತಲ್ಲ, ಫೋನ್ ಪಕ್ಕಕ್ಕಿಡು.

ಇನ್ನು ತೂಕ. ಬ್ರಿಟನ್ನಲ್ಲಿ ಡೈರೆಕ್ಟ್ ಅಂತ ಒಂದು ಟ್ರಯಲ್ ಮಾಡಿದ್ರು, 2017ರಲ್ಲಿ ರಿಸಲ್ಟ್ ಬಂತು. ಶುಗರ್ ಬಂದು ಆರು ವರ್ಷದೊಳಗಿದ್ದವರನ್ನ ತಗೊಂಡು, ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಮಾತ್ರ ಕೊಟ್ರು, ವರ್ಷ ಆಗೋಷ್ಟರಲ್ಲಿ ನೂರಕ್ಕೆ 46 ಜನ ಮಾತ್ರೆ ಇಲ್ಲದೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ರಕ್ತ ಪರೀಕ್ಷೆ) ಶೇಕಡ 6.5ಕ್ಕಿಂತ ಕೆಳಗಿದ್ರು, 15 ಕೆಜಿ ಅಥವಾ ಜಾಸ್ತಿ ಇಳಿಸಿದವರಲ್ಲಂತೂ ನೂರಕ್ಕೆ 86. ಲಿವರಿನ ಕೊಬ್ಬು ಕರಗಿದ್ದೇ ಇದಕ್ಕೆ ದೊಡ್ಡ ಕಾರಣ. ಆದ್ರೆ ಎರಡನೇ ವರ್ಷಕ್ಕೆ ಆ 46 ಹೋಗಿ 36 ಆಯ್ತು, ಶುಗರ್ ಪೂರ್ತಿ ವಾಸಿ ಅಂತ ವಿಡಿಯೋ ಮಾಡೋರು ಇದನ್ನ ಹೇಳಲ್ಲ ನೋಡು. ಡಾಕ್ಟರ್ ಕೇಳದೆ ನೀನೇ ಅಷ್ಟು ಕಡಿಮೆ ತಿನ್ನೋಕೆ ಹೋಗ್ಬೇಡ.

ಮೆಟ್‌ಫಾರ್ಮಿನ್ ಶುರು ಮಾಡಿದ್ರೆ ಅವಮಾನ ಅಂದ್ಕೋಬೇಡ, ಅದು ಮುಖ್ಯವಾಗಿ ಲಿವರ್ ಬಿಡೋ ಗ್ಲೂಕೋಸನ್ನೇ ಕಮ್ಮಿ ಮಾಡೋದು, ನಿನ್ನ ಬೆಳಗಿನ ತೊಂದ್ರೆಗೆ ಸರಿಯಾದ ಮಾತ್ರೆ. ದಿನಾ ಮೀಟರ್ ನೋಡಿ ಕೊರಗೋ ಬದ್ಲು ಮೂರು ತಿಂಗಳಿಗೆ ಎಚ್‌ಬಿಎ1ಸಿ ಮಾಡ್ಸು, ಜೊತೆಗೆ ಕಣ್ಣು, ಕಿಡ್ನಿ ಟೆಸ್ಟೂ ಒಂದ್ಸಲ ಆಗ್ಲಿ, ರಿಪೋರ್ಟ್ ಬಂದ್ಮೇಲೆ ನಂಗೆ ಕಳ್ಸು.

ನಿನ್ನ ದೊಡ್ಡಮ್ಮ